ಹೆದ್ದಾರಿ ಒಂದೇ, ಕಡತಗಳು ನಾಲ್ಕು

ಹಿರಿಯೂರು ತಾಲ್ಲೂಕಿನ ಆದಿವಾಲದ ಮೂಲಕ ಸಾಗುವ ಬೆಂಗಳೂರು–ಪುಣೆ ಹೆದ್ದಾರಿಯನ್ನು ಹಿಡಿದು ಹೊರಟರೆ ಧಾರವಾಡ, ಕೊಲ್ಹಾಪುರ, ಪುಣೆ ಒಂದಾದ ಮೇಲೊಂದು ಎದುರಾಗುತ್ತವೆ. ಇದೇ ದಾರಿಯ ನಾಲ್ಕು ನಗರಗಳಲ್ಲಿ ನಾಲ್ವರು ಗುಂಡೇಟಿಗೆ ಗುರಿಯಾಗಿ ಪ್ರಾಣ ತೆತ್ತರು: ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ (2013), ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ (2015), ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ (2015), ಬೆಂಗಳೂರಿನಲ್ಲಿ ಗೌರಿ ಲಂಕೇಶ್ (2017).

ರಾಜ್ಯದ ಗಡಿ ಹಂತಕರಿಗೆ ಅಡ್ಡಿಯಾಗಲಿಲ್ಲ, ಅಡ್ಡಿಯಾದದ್ದು ತನಿಖೆಗೆ. ದಾಭೋಲ್ಕರ್ ಪ್ರಕರಣ ಸಿಬಿಐಗೆ ಸೇರಿತು. ಪಾನ್ಸರೆ ಪ್ರಕರಣ ಮಹಾರಾಷ್ಟ್ರದ ವಿಶೇಷ ತನಿಖಾ ದಳಕ್ಕೆ, ಕಲಬುರ್ಗಿ ಪ್ರಕರಣ ಕರ್ನಾಟಕದ ಸಿಐಡಿಗೆ. ಗುಂಡುಗಳ ಬಗ್ಗೆ ಬೆಂಗಳೂರು ಮತ್ತು ಮುಂಬೈ ಪ್ರಯೋಗಾಲಯಗಳ ವರದಿಗಳು ಹೊಂದದಿದ್ದಾಗ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅಭಿಪ್ರಾಯಕ್ಕಾಗಿ ಕಾಯಲಾಯಿತು. ಅದು ದೊರೆಯಲೇ ಇಲ್ಲ. ಕಾಲ ಮಾತ್ರ ಕಳೆಯಿತು. ತನಿಖಾ ಸಂಸ್ಥೆಗಳ ನಡುವೆ ಸಮನ್ವಯವಿಲ್ಲವೆಂದು ಬಾಂಬೆ ಹೈಕೋರ್ಟ್ ಆಕ್ಷೇಪಿಸಿತು.

ಇದು ಸಾಮರ್ಥ್ಯದ ಕೊರತೆಯಲ್ಲ, ಸಂಸ್ಥೆಗಳ ಒಳಗೆ ಬೇರೂರಿದ ಮನೋಧರ್ಮದ ದೋಷ. ಪ್ರಶಂಸೆಯೂ ಬಡ್ತಿಯೂ ಆರೋಪಿಯನ್ನು ಹಿಡಿದವರಿಗೆ ಸಲ್ಲುತ್ತವೆಯೇ ಹೊರತು ಸುಳಿವು ಕೊಟ್ಟವರಿಗಲ್ಲ. ಹೀಗಿರುವಲ್ಲಿ ಕಡತವು ಆಸ್ತಿಯಾಗುತ್ತದೆ, ನೆರೆಯ ಪೊಲೀಸರು ಪ್ರತಿಸ್ಪರ್ಧಿಗಳಾಗುತ್ತಾರೆ. ಮಾಹಿತಿ ಸೋರೀತೆಂಬ ಭಯಕ್ಕೂ ಕಾರಣವಿದೆ, ನಿಜ. ಆದರೆ ಗೌಪ್ಯತೆ ಪರರಿಂದ ರಹಸ್ಯವನ್ನು ಕಾಯಬೇಕು. ಸಹೋದ್ಯೋಗಿಯಿಂದ ಸತ್ಯವನ್ನು ಬಚ್ಚಿಡಬಾರದು.

ಗೌರಿ ಹತ್ಯೆಯ ತನಿಖೆಗೆ ರಚಿತವಾದ ಕರ್ನಾಟಕದ ವಿಶೇಷ ತಂಡ ಬೇರೆ ದಾರಿ ಹಿಡಿಯಿತು. ಹಿಂದಿನ ಹತ್ಯೆಗಳ ಕಡತಗಳನ್ನೂ ತನ್ನವೆಂದೇ ಓದಿತು. ಕಲಬುರ್ಗಿ ಮತ್ತು ಗೌರಿ ಇಬ್ಬರನ್ನೂ ಕೊಂದದ್ದು ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿತು. ತಂಡ ಹಂಚಿಕೊಂಡ ಸುಳಿವುಗಳು ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳಕ್ಕೆ ನೆರವಾದವು; 2018ರ ಆಗಸ್ಟ್‌ನಲ್ಲಿ ನಾಲಾಸೋಪಾರದಲ್ಲಿ ನಡೆದ ಬಂಧನಗಳಿಂದ ದಾಭೋಲ್ಕರ್ ಪ್ರಕರಣದ ಎಳೆಯೂ ಬಿಚ್ಚಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ಇದೇ ತಂಡಕ್ಕೆ ಒಪ್ಪಿಸಿತು. ಇದಕ್ಕೆಲ್ಲ ಹೊಸ ಕಾನೂನು ಬೇಕಾಗಲಿಲ್ಲ.

ಆದರೂ ತಡವಾದದ್ದಕ್ಕೆ ಬೆಲೆ ತೆರಲೇಬೇಕಾಯಿತು. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯ ದಾಭೋಲ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಬಿಡುಗಡೆ ಮಾಡಿತು. ಸಂಚಿನ ಹಿಂದಿನ ಸೂತ್ರಧಾರರನ್ನು ಬಯಲಿಗೆಳೆಯಲು ತನಿಖೆ ವಿಫಲವಾಯಿತೆಂದೂ ಹೇಳಿತು. ಅಷ್ಟರಲ್ಲಿ ಹನ್ನೊಂದನೆಯ ವರ್ಷ ನಡೆದಿತ್ತು.

ಯೆರೂಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿಯೂ ಒಬ್ಬ ಗಾಯಾಳು ಬಿದ್ದಿದ್ದ. ನೋಡಿಯೂ ಮುಂದೆ ಸಾಗಿದವರು ದುಷ್ಟರೇನಲ್ಲ. ಇದು ತಮಗೆ ಸೇರಿದ ಕೆಲಸವಲ್ಲವೆಂದು ಭಾವಿಸಿದವರು. ನಿಂತವನು ಗಡಿಯಾಚೆಯ ಸಮಾರಿಯದವನು. ನಮ್ಮ ಧರ್ಮಕೇಂದ್ರ, ಶಾಲೆ, ಸಂಘಗಳಲ್ಲಿಯೂ ‘ಇದು ನಮ್ಮ ವಿಭಾಗದ್ದಲ್ಲ’ ಎಂಬ ಮಾತು ಕೇಳಿದಾಗ, ದಾರಿಯಲ್ಲಿ ಬಿದ್ದಿರುವವನು ಯಾರೆಂದು ಒಮ್ಮೆ ತಿರುಗಿ ನೋಡೋಣ.