ಬಾಲ ಬಂದ ಎಳೆ ನಕ್ಷತ್ರಗಳು

ಹಬಲ್ ದೂರದರ್ಶಕ ತೆಗೆದ ಸಾವಿರಾರು ಚಿತ್ರಗಳಲ್ಲಿ ನನಗೆ ಅಚ್ಚುಮೆಚ್ಚು, ಮಹಾವ್ಯಾಧ ನೀಹಾರಿಕೆಯೊಳಗಿನ ಗೊದಮೊಟ್ಟೆಯಂಥ ಪುಟ್ಟ ಆಕೃತಿಗಳು. 1990ರ ದಶಕದ ಆರಂಭದಲ್ಲಿ ಖಗೋಳವಿಜ್ಞಾನಿ ರಾಬರ್ಟ್ ಓಡೆಲ್ ಇವನ್ನು ‘ಪ್ರಾಪ್ಲಿಡ್’ ಎಂದು ಕರೆದರು. ಇಂಥವುಗಳ ಒಡಲಲ್ಲಿ ಎಳೆಯ ನಕ್ಷತ್ರವಿದೆ. ಅದರ ಸುತ್ತ ಗ್ರಹಗಳು ಮೂಡಬೇಕಾದ ಅನಿಲ, ದೂಳಿನ ತಟ್ಟೆಯಿದೆ.

ಬೆಳಗುವ ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ತಿರುಗಿವೆ. ಅಲ್ಲಿ ಕುಳಿತಿರುವುದು ಥೀಟಾ-1 ಓರಯಾನಿಸ್ ಸಿ ಎಂಬ ನಕ್ಷತ್ರ: ಸೂರ್ಯನ ಮೂವತ್ತು ಪಟ್ಟಿಗೂ ಮಿಕ್ಕಿದ ದ್ರವ್ಯರಾಶಿ, ಸುಮಾರು 39,000 ಕೆಲ್ವಿನ್ ಮೇಲ್ಮೈ ಉಷ್ಣತೆ. ಅದರ ನೇರಳಾತೀತ ಕಿರಣ ತಟ್ಟೆಯ ಮೇಲ್ಪದರವನ್ನು ಕಾಯಿಸುತ್ತದೆ. ಕಾದ ಅನಿಲ ತನ್ನ ನಕ್ಷತ್ರದ ಹಿಡಿತ ತಪ್ಪಿಸಿಕೊಂಡು ಹೊರಡುತ್ತದೆ. ಗುರುತ್ವ ಸಡಿಲವಾಗಿರುವ ಹೊರ ಅಂಚಿನಿಂದಲೇ ಈ ಸೋರಿಕೆ ಹೆಚ್ಚು. ಎದುರಿನ ಭಾಗ ಅಯಾನೀಕರಣಗೊಂಡು ಹೊಳೆಯುತ್ತದೆ, ಹಿಂದೆ ಬಾಲ ಚಾಚುತ್ತದೆ. ಒಂದು ನಕ್ಷತ್ರದ ಬೆಳಕು ಇನ್ನೊಂದರ ಗ್ರಹಗಳ ಹಣೆಬರಹ ತಿದ್ದುವುದು ಹೀಗೆ ಕಣ್ಣಿಗೇ ಕಾಣುವುದೆಂದರೆ ಸಾಮಾನ್ಯವೇ!

ನಷ್ಟ ದೊಡ್ಡದೇ. ಅನಿಲ ಬೇಗ ಬರಿದಾದರೆ ಗುರುವಿನಂಥ ದೈತ್ಯಗ್ರಹ ಕಟ್ಟಲು ಸಾಮಗ್ರಿಯೇ ಉಳಿಯದು. ಆ ಹೊತ್ತಿಗೆ ದಪ್ಪಗಾಗಿರುವ ದೂಳಿನ ಕಣಗಳು ಮಾತ್ರ ಸುಲಭಕ್ಕೆ ಕದಲುವುದಿಲ್ಲ. ಶಿಲಾಗ್ರಹಗಳ ದಾರಿ ಮುಚ್ಚಿಲ್ಲ.

ಇದೇ ನೀಹಾರಿಕೆಯ ‘ಡಿ203-506’ ಎಂಬ ತಟ್ಟೆಯಲ್ಲಿ 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಮೀಥೈಲ್ ಕ್ಯಾಟಯಾನನ್ನು ಪತ್ತೆಹಚ್ಚಿತು. ಇಂಗಾಲದ ಸಂಕೀರ್ಣ ಅಣುಗಳ ರಚನೆಗೆ ಚಾಲನೆ ಕೊಡುವ ಈ ಅಯಾನು ಹುಟ್ಟಲು ಬೇಕಾದ ಶಕ್ತಿಯನ್ನು ಒದಗಿಸುವುದೂ ಅದೇ ನೇರಳಾತೀತ ಬೆಳಕು ಎಂಬುದು ವಿಜ್ಞಾನಿಗಳ ವಿವರಣೆ.