ಯಾರು ದೊಡ್ಡವರು ಎಂಬ ಜಗಳ

ಕಡೂರಿನಿಂದ ಶಿವಮೊಗ್ಗದ ಕಡೆ ಹೋಗುವ ರೈಲಿನಲ್ಲಿ ಕ್ರಿಕೆಟ್ ಮಾತು ಶುರುವಾದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತು. ಬೀರೂರಿನ ಹೊತ್ತಿಗೆ ಈಗ ಆಡುತ್ತಿರುವವರೆಲ್ಲ ಮುಗಿದಿರುತ್ತಾರೆ. ತರೀಕೆರೆ ಬರುವಷ್ಟರಲ್ಲಿ ದ್ರಾವಿಡ್ ಬಂದಿರುತ್ತಾರೆ. ತರೀಕೆರೆ ಬಿಟ್ಟ ಮೇಲೆ ಯಾರಾದರೊಬ್ಬರು ಕಿಟಕಿಯಾಚೆ ಕೈ ತೋರಿಸಿ, 'ವಿಶ್ವನಾಥ್ ಹುಟ್ಟಿದ್ದು ಇಲ್ಲೇ ಮುಂದೆ, ಭದ್ರಾವತೀಲಿ ಕಣ್ರೀ' ಅನ್ನದೆ ಇರುವುದಿಲ್ಲ. ಅಲ್ಲಿಂದ ಜಗಳ. ಕರ್ನಾಟಕ ಕಂಡ ಎಲ್ಲ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಯಾರು, ವಿಶ್ವನಾಥೋ ದ್ರಾವಿಡೋ? ಈ ಜಗಳವನ್ನು ಎಷ್ಟು ಸಲ ಕೇಳಿದ್ದೇನೋ, ಎಷ್ಟು ಸಲ ನಾನೂ ಕೂಗಾಡಿದ್ದೇನೋ ಲೆಕ್ಕವಿಲ್ಲ. ಒಂದು ನಾಟಕವನ್ನೋ ಕಾದಂಬರಿಯನ್ನೋ ನೋಡುವ ಹಾಗೆ ಈ ಜಗಳವನ್ನೇ ಎದುರಿಗಿಟ್ಟುಕೊಂಡು ನೋಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ನಮ್ಮ ಊರುಗಳಲ್ಲಿ ವಿಮರ್ಶೆ ಎಂಬುದು ಪುಸ್ತಕದ ಹೊರಗೆ ದಿನವೂ ನಡೆಯುವುದು ಇಂಥ ಕಡೆಯೇ.

ಮೊನ್ನೆಯ ಪ್ರಯಾಣದಲ್ಲಿ ಎದುರು ಸೀಟಿನಲ್ಲಿ ಕಡೂರಿನ ಒಬ್ಬ ಕಾಲೇಜು ಹುಡುಗ. ಪಕ್ಕದಲ್ಲಿ ಅಜ್ಜಂಪುರದಿಂದ ಬೀರೂರಿಗೆ ಬಂದು ಅಲ್ಲಿ ಗಾಡಿ ಬದಲಿಸಿದ ಹಿರಿಯರು, ಎಪ್ಪತ್ತು ದಾಟಿದವರು, ಕೈಯಲ್ಲಿ ಕೊಡೆ. ಹುಡುಗ ಮೊಬೈಲ್ ತೆಗೆದು ಲೆಕ್ಕ ಓದಿದ. ದ್ರಾವಿಡ್ 164 ಟೆಸ್ಟ್, 13,288 ರನ್, 36 ಶತಕ, ಸರಾಸರಿ 52.31. ವಿಶ್ವನಾಥ್ 91 ಟೆಸ್ಟ್, 6,080 ರನ್, 14 ಶತಕ, ಸರಾಸರಿ 41.93. 'ಇನ್ನೇನಿದೆ ಅಜ್ಜಾ ಮಾತಾಡೋಕೆ?' ಎಂದ. ಹಿರಿಯರು ಸಿಟ್ಟಾಗಲಿಲ್ಲ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನ ಅಂಚಿಗೆ ಸರಿದರು. ಹಿಂಗಾಲನ್ನು ಸ್ವಲ್ಪ ಆಚೆ ಇಟ್ಟರು. ಚೆಂಡು ಬಂತು, ಮೈಯನ್ನು ದಾಟಿತು, ಇನ್ನು ಕೀಪರ್ ಕೈಗೆ ಹೋಯಿತು ಎನ್ನುವಾಗ ಅವರ ಮಣಿಕಟ್ಟು ಮೇಲಿನಿಂದ ಇಳಿಯಿತು. ಕೊಡೆ ಬೀಸಲಿಲ್ಲ, ಇಳಿಯಿತು ಅಷ್ಟೇ. ಆಮೇಲೆ ಹುಡುಗನ ಮುಖ ನೋಡಿ, 'ಇದು ನಿನ್ನ ಫೋನಲ್ಲಿ ಐತೇನಪ್ಪ?' ಎಂದರು.

ಅವರು ಆ ಹೊಡೆತವನ್ನು ಕಂಡದ್ದು 1974ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ. ರಣಜಿ ಸೆಮಿಫೈನಲ್, ಎದುರಾಳಿ ಬಾಂಬೆ. ಸತತ 15 ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ಬಾಂಬೆ. ಆ ಪಂದ್ಯದಲ್ಲಿ ವಿಶ್ವನಾಥ್ 162 ಹೊಡೆದರು, ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು, ಕರ್ನಾಟಕ ಫೈನಲ್‌ಗೆ ಹೋಗಿ ಮೊದಲ ಬಾರಿಗೆ ಟ್ರೋಫಿ ತಂದಿತು. ಹಿರಿಯರು ಇದೆಲ್ಲವನ್ನೂ ಹೇಳಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಕೊಡೆ. ಐವತ್ತು ವರ್ಷದ ಹಿಂದಿನ ಒಂದು ಸ್ಕ್ವೇರ್ ಕಟ್ ಆ ಮನುಷ್ಯನ ಮಣಿಕಟ್ಟಿನಲ್ಲಿ ಜೋಪಾನವಾಗಿ ಕೂತಿತ್ತು.

ಯಾರು ದೊಡ್ಡವರು ಎಂಬ ವಾದಕ್ಕೆ ಬೆಲೆ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಅದು ಆಟವನ್ನು ಬಣ್ಣಿಸುವಂತೆ ಮಾಡುತ್ತದೆ. ಯಾರೂ ಸುಮ್ಮನೆ ಕೂತು ಒಂದು ಹೊಡೆತವನ್ನು ಬಣ್ಣಿಸುವುದಿಲ್ಲ. ಎದುರಿನವನು 'ಅವನೇನು ಮಹಾ' ಅಂದಾಗ ಮಾತ್ರ ನೆನಪು ಎದ್ದು ಕೂರುತ್ತದೆ, ಬಾಯಿಗೆ ಪದ ಬರುತ್ತದೆ, ಪದ ಸಾಲದಾದಾಗ ಕೊಡೆ ಬರುತ್ತದೆ. ಅಂಕಿ ಓದಿ ಮುಗಿಸುವವನು ಈ ಬಾಗಿಲನ್ನೇ ಹಾಕಿಬಿಡುತ್ತಾನೆ.

ಅಂಕಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ದ್ರಾವಿಡ್ ಟೆಸ್ಟ್‌ನಲ್ಲಿ ಎದುರಿಸಿದ ಎಸೆತಗಳು 31,258. ಜಗತ್ತಿನಲ್ಲಿ ಬೇರೆ ಯಾರೂ ಟೆಸ್ಟ್ ಕ್ರಿಕೆಟ್‌ನಲ್ಲಿ ಅಷ್ಟು ಎಸೆತ ಎದುರಿಸಿಲ್ಲ. ಈ ಒಂದು ಸಂಖ್ಯೆ ಎದೆಗೆ ತಟ್ಟುತ್ತದೆ, ಯಾಕೆಂದರೆ ಅದು ಆ ಮನುಷ್ಯನ ಆಟದ ಸ್ವಭಾವವನ್ನೇ ಹೇಳುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ಹದಿನಾರು ವರ್ಷ, ಒಂದೊಂದೇ ಚೆಂಡು. ಒಳ್ಳೆಯ ಅಂಕಿ ಎಂದರೆ ಹೀಗೆ ಮನುಷ್ಯನನ್ನು ತೋರಿಸಬೇಕು. ಸರಾಸರಿ 52 ದೊಡ್ಡದು, 41 ಸಣ್ಣದು ಎಂಬ ಮಾತು ಯಾರನ್ನೂ ತೋರಿಸುವುದಿಲ್ಲ. ಅದೇ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲೂ ಇದೆ: ವಿಶ್ವನಾಥ್ ಶತಕ ಹೊಡೆದ ಯಾವ ಟೆಸ್ಟ್‌ನಲ್ಲೂ ಭಾರತ ಸೋಲಲಿಲ್ಲ. ಹುಡುಗ ಅದನ್ನು ಓದಿರಲಿಲ್ಲ. ಮೊಬೈಲ್ ಕೇಳಿದ್ದನ್ನು ಮಾತ್ರ ಹೇಳುತ್ತದೆ.

ವಿಶ್ವನಾಥ್ ಪಕ್ಷದವರ ದೊಡ್ಡ ಸಾಕ್ಷಿ ಶತಕವೂ ಅಲ್ಲ. 1975ರ ಜನವರಿ, ಮದ್ರಾಸಿನ ಚೆಪಾಕ್, ವೆಸ್ಟ್ ಇಂಡೀಸ್ ವಿರುದ್ಧ. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ 97 ವಿಶ್ವನಾಥ್ ಒಬ್ಬರದೇ, ಔಟಾಗದೆ. ಶತಕಕ್ಕೆ ಮೂರು ರನ್ ಬಾಕಿ ಇರುವಾಗ ಆ ಕಡೆ ನಿಲ್ಲುವವರೇ ಮುಗಿದುಹೋದರು. ಭಾರತ ಆ ಟೆಸ್ಟನ್ನು 100 ರನ್‌ಗಳಿಂದ ಗೆದ್ದಿತು. ಮದ್ರಾಸಿಗೆ ದೂರದರ್ಶನ ಬಂದದ್ದೇ ಆ ವರ್ಷದ ಆಗಸ್ಟ್‌ನಲ್ಲಿ. ನಮ್ಮ ಕಡೆಯವರ ಪಾಲಿಗೆ ಆ 97 ರೇಡಿಯೊದ 97, ಮರುದಿನದ ಪೇಪರಿನ 97. ಕಣ್ಣಿಗೆ ಕಾಣದ ಇನಿಂಗ್ಸ್ ಬಾಯಿಂದ ಬಾಯಿಗೆ ಬೆಳೆಯುತ್ತದೆ ಎಂದು ದ್ರಾವಿಡ್ ಪಕ್ಷದ ಹುಡುಗರು ಆಕ್ಷೇಪಿಸುತ್ತಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಅಡಿಲೇಡಿನ 2003ರ 233 ಮತ್ತು ಔಟಾಗದ 72, ಕೋಲ್ಕತ್ತದಲ್ಲಿ 2001ರಲ್ಲಿ ಲಕ್ಷ್ಮಣ್ ಜೊತೆ ನಿಂತ 180, ಇವನ್ನು ಇವತ್ತಿಗೂ ಚೆಂಡು ಚೆಂಡಾಗಿ ನೋಡಬಹುದು. ನೋಡಿದಾಗ ತಪ್ಪೂ ಕಾಣುತ್ತದೆ. ಚೆಪಾಕಿನ 97ರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ.

ಈ ತೊಡಕು ನಮ್ಮೊಬ್ಬರದಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು ಮೈಕೆಲ್ ಜೋರ್ಡನ್ ದೊಡ್ಡವನೋ ಲೆಬ್ರಾನ್ ಜೇಮ್ಸ್ ದೊಡ್ಡವನೋ ಎಂದು ವರ್ಷಗಟ್ಟಲೆ ಕಚ್ಚಾಡುತ್ತಾರೆ. ಒಬ್ಬರು ಜೋರ್ಡನ್‌ನ ಆರು ಪ್ರಶಸ್ತಿ ಎಣಿಸುತ್ತಾರೆ, ಇನ್ನೊಬ್ಬರು 2023ರ ಫೆಬ್ರವರಿಯಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಅವರ 38,387 ಪಾಯಿಂಟ್‌ಗಳ ದಾಖಲೆಯನ್ನು ಲೆಬ್ರಾನ್ ದಾಟಿದ್ದನ್ನು ತೋರಿಸುತ್ತಾರೆ. ಪ್ರಶಸ್ತಿಯೇ ಅಳತೆಯಾದರೆ 11 ಗೆದ್ದ ಬಿಲ್ ರಸೆಲ್ ಮುಂದೆ ಇಬ್ಬರೂ ಚಿಕ್ಕವರು. ವಿಲ್ಟ್ ಚೇಂಬರ್ಲೇನ್ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಗಳಿಸಿದಾಗ ಅದನ್ನು ಚಿತ್ರೀಕರಿಸಿದವರಿಲ್ಲ, ಅದು ಅವರ ಚೆಪಾಕ್. ತನ್ನ ಆಟಗಾರ ಗೆಲ್ಲುವ ಅಳತೆಗೋಲನ್ನು ಮೊದಲು ಆರಿಸಿಕೊಂಡು, ಆಮೇಲೆ ಅಳೆಯುವುದು. ನಾವೂ ಮಾಡುವುದು ಅದನ್ನೇ.

ಅಜ್ಜಂಪುರದ ಹಿರಿಯರು ಈ ವಿಷಯದಲ್ಲಿ ನಮಗಿಂತ ತಿಳಿದವರು. ಅವರ ಊರಿನಲ್ಲಿ ಅಮೃತ್ ಮಹಲ್ ತಳಿ ಕೇಂದ್ರವಿದೆ, ಅಲ್ಲಿಯ ಗಂಡು ಕರುಗಳನ್ನು ಹರಾಜು ಹಾಕುತ್ತಾರೆ. ಎಲ್ಲೆಲ್ಲಿಂದಲೋ ರೈತರು ಬರುತ್ತಾರೆ. ಕೊಳ್ಳುವ ಮೊದಲು ಅವರು ನೋಡುವುದನ್ನು ನೋಡಬೇಕು. ಸುಳಿ ಎಲ್ಲಿದೆ, ಗೊರಸು ಹೇಗಿದೆ, ಕಾಲು ನೇರವೇ, ಕೊಂಬು ಯಾವ ಕಡೆ ಹೋಗುತ್ತಿದೆ, ಕಣ್ಣಿನಲ್ಲಿ ಚುರುಕಿದೆಯೇ. ಒಬ್ಬನಿಗೆ ಉಳುಮೆಗೆ ಬೇಕು, ಒಬ್ಬನಿಗೆ ಗಾಡಿಗೆ, ಇನ್ನೊಬ್ಬನಿಗೆ ಓಟಕ್ಕೆ. ಮನೆಯಲ್ಲಿರುವ ಎತ್ತಿಗೆ ಜೋಡಿಯಾಗುತ್ತದೆಯೇ ಎಂಬುದೂ ಒಂದು ಲೆಕ್ಕ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಫಿರಂಗಿ ಎಳೆದ ತಳಿ ಅದು, ದೂರ ನಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಹಾಲಿಗೆ ಯಾರೂ ಅದನ್ನು ಕಟ್ಟುವುದಿಲ್ಲ. 'ಯಾವುದು ದೊಡ್ಡದು ಅಂತ ಯಾರೂ ಕೇಳಲ್ಲ ಸ್ವಾಮಿ, ಯಾವ ಕೆಲಸಕ್ಕೆ ಅಂತ ಕೇಳ್ತಾರೆ' ಎಂದರು ಹಿರಿಯರು. ಎತ್ತಿನ ವಿಷಯದಲ್ಲಿ ಇಷ್ಟು ನಿಖರವಾಗಿರುವ ಅವರೇ ವಿಶ್ವನಾಥ್ ಹೆಸರು ಬಂದ ಕೂಡಲೇ 'ಅವನ ಮುಂದೆ ಯಾರೂ ಇಲ್ಲ' ಅಂದುಬಿಡುತ್ತಾರೆ. ಪ್ರೀತಿ ಹಾಗೆ ಮಾಡಿಸುತ್ತದೆ. ಗಾವಸ್ಕರ್ ಅವರಂಥವರೇ ಮಗನಿಗೆ ಹೆಸರಿಡುವಾಗ ವಿಶ್ವನಾಥ್ ಹೆಸರನ್ನೂ ಸೇರಿಸಿ ಇಟ್ಟರು, ಇನ್ನು ಇವರನ್ನೇನು ಹೇಳುವುದು.

ಆ ರೈತರ ಪ್ರಶ್ನೆಯನ್ನೇ ಇಟ್ಟುಕೊಂಡರೆ ನನ್ನ ತೀರ್ಪು ಹೀಗೆ. ಪಿಚ್ ಕೆಟ್ಟಿದೆ, ಬೌಲರ್ ಬೆಂಕಿಯಾಗಿದ್ದಾನೆ, ಒಂದೇ ಒಂದು ಇನಿಂಗ್ಸ್ ಬೇಕು ಎಂದಾದರೆ ವಿಶ್ವನಾಥ್. ಎರಡು ದಿನ ಔಟಾಗದೆ ಉಳಿಯಬೇಕು, ಅದೂ ಪರದೇಶದಲ್ಲಿ ಎಂದಾದರೆ ಕಣ್ಣು ಮುಚ್ಚಿ ದ್ರಾವಿಡ್. ಬೌಲರ್‌ಗಳ ಜಗಳಕ್ಕೂ ಇದೇ ಮಾತು: 1971ರ ಓವಲ್‌ನಲ್ಲಿ 38ಕ್ಕೆ 6 ವಿಕೆಟ್ ಪಡೆದ ಚಂದ್ರಶೇಖರ್ ಒಂದು ಮಧ್ಯಾಹ್ನಕ್ಕೆ, 619 ವಿಕೆಟ್‌ಗಳ ಕುಂಬ್ಳೆ ಒಂದು ಕಾಲಮಾನಕ್ಕೆ. ಹುಡುಗನಿಗೆ ಇದು ಸಮಾಧಾನ ತರಲಿಲ್ಲ. ಒಬ್ಬರ ಹೆಸರು ಹೇಳಬೇಕು ಎಂದು ಹಟ ಹಿಡಿದ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಹಟ ಹಿಡಿಯುತ್ತಿದ್ದೆ.

ಅಷ್ಟರಲ್ಲಿ ನನಗೆ ಹೊಳೆದದ್ದು ಬೇರೆ. ಕಡೂರಿನಲ್ಲಿ ಹತ್ತಿದ ಹುಡುಗ, ಇಷ್ಟು ಹೊತ್ತು ಮಾತು, ಬೆಂಗಳೂರು, ಮೈಸೂರು, ಭದ್ರಾವತಿಯ ಹೆಸರುಗಳೆಲ್ಲ ಬಂದವು. ಕಡೂರಿನ ಹೆಸರು ಬರಲಿಲ್ಲ. ವೇದಾ ಕೃಷ್ಣಮೂರ್ತಿ ಹುಟ್ಟಿದ್ದು ಕಡೂರಿನಲ್ಲಿ, 1992ರಲ್ಲಿ. 2011ರ ಜೂನ್ 30ರಂದು, ಹದಿನೆಂಟನೆಯ ವಯಸ್ಸಿಗೆ, ಇಂಗ್ಲೆಂಡಿನ ಡರ್ಬಿಯಲ್ಲಿ ಆಡಿದ ಮೊದಲ ಏಕದಿನ ಪಂದ್ಯದಲ್ಲೇ 51. ಭಾರತಕ್ಕಾಗಿ 48 ಏಕದಿನ, 76 ಟಿ20. ಕರ್ನಾಟಕ ತಂಡದ ನಾಯಕಿಯೂ ಆಗಿದ್ದರು. 2017ರ ವಿಶ್ವಕಪ್‌ನಲ್ಲಿ ಅದೇ ಡರ್ಬಿಯಲ್ಲಿ, ಸೋತರೆ ಮನೆಗೆ ಹೋಗಬೇಕಾಗಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ 45 ಎಸೆತಕ್ಕೆ 70. ಆ ದಿನ ಮಿಥಾಲಿ ರಾಜ್ 109 ಹೊಡೆದರು, ಆದರೆ ಪಂದ್ಯವನ್ನು ನ್ಯೂಜಿಲೆಂಡಿನ ಕೈಗೆ ಸಿಗದ ಹಾಗೆ ಎತ್ತಿ ಒಯ್ದದ್ದು ವೇದಾ. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು.

ನಾನು ಈ ಹೆಸರು ಎತ್ತಿದೆ. ಇಬ್ಬರ ಮುಖವೂ ಅರಳಿತು. 'ನಮ್ಮೂರ ಹುಡುಗಿ ಸಾರ್, ಹೆಮ್ಮೆ' ಎಂದ ಹುಡುಗ. 'ಒಳ್ಳೆ ಮಗು' ಎಂದರು ಹಿರಿಯರು. ಮಾತು ಅಲ್ಲಿಗೆ ನಿಂತಿತು. ಮತ್ತೆ ದ್ರಾವಿಡ್‌ಗೆ ಹೋದರು.

ಈ ಜಗಳದ ದೊಡ್ಡ ಕೊರತೆ ನನಗೆ ಕಂಡದ್ದು ಆ ಕ್ಷಣದಲ್ಲಿ. ದ್ರಾವಿಡ್ ನಿಧಾನ ಎಂದು ನಾವು ಬೈಯುತ್ತೇವೆ. ವಿಶ್ವನಾಥ್ ಇನ್ನೂ ಎಷ್ಟೋ ರನ್ ಮಾಡಬಹುದಿತ್ತು, ಉಡಾಫೆಯಿಂದ ಕೈಚೆಲ್ಲಿದರು ಎನ್ನುತ್ತೇವೆ. ಕುಂಬ್ಳೆ ಚೆಂಡು ತಿರುಗುವುದಿಲ್ಲ, ಚಂದ್ರ ಕೈಕೊಟ್ಟ ದಿನ ನೋಡಲಾಗದು, ಪ್ರಸನ್ನ ಎಂಜಿನಿಯರಿಂಗ್ ಓದಲು ಹೋಗಿ ವರ್ಷಗಳನ್ನು ಕಳೆದುಕೊಂಡರು. ಪ್ರತಿಯೊಬ್ಬರನ್ನೂ ಜಾಲಾಡುತ್ತೇವೆ. ಜಾಲಾಡುವುದೆಂದರೆ ಅವರ ಆಟವನ್ನು ಒಂದೊಂದು ಚೆಂಡಿನವರೆಗೆ ನೆನಪಿಟ್ಟಿದ್ದೇವೆ ಎಂದರ್ಥ. ವೇದಾ ಬಗ್ಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಹೆಮ್ಮೆ ಎಂಬ ಒಂದು ಶಾಲು ಹೊದಿಸಿ ಬದಿಗೆ ಕೂರಿಸಿದರು. ಶಾಂತಾ ರಂಗಸ್ವಾಮಿ ಅವರಿಗೂ ಹೀಗೇ ಆಗಿದೆ. 1976ರಲ್ಲಿ ಭಾರತದ ಮಹಿಳಾ ತಂಡ ಪಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ಗೆಲುವು ಕಂಡಾಗ ನಾಯಕಿಯಾಗಿದ್ದವರು ಕರ್ನಾಟಕದ ಶಾಂತಾ. ಯಾವ ರೈಲಿನಲ್ಲೂ ಅವರ ಹೆಸರಿಗೆ ಯಾರೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ.

ವೇದಾ ಕರ್ನಾಟಕದ ಸರ್ವಶ್ರೇಷ್ಠ ಆಟಗಾರ್ತಿ ಎಂದು ನಾನು ವಾದಿಸುವುದಿಲ್ಲ. ಡರ್ಬಿಯ ಆ 70ರಂಥ ದಿನಗಳು ಅವರ ಬ್ಯಾಟಿನಿಂದ ಇನ್ನಷ್ಟು ಬರಬೇಕಿತ್ತು. ಹೀಗೆ ಹೇಳುವುದೂ ಗೌರವವೇ. ಆದ್ದರಿಂದ ಭದ್ರಾವತಿ ಇನ್ನೂ ಸ್ವಲ್ಪ ದೂರವಿದ್ದಾಗ ನಾನು ಜಗಳ ತೆಗೆದೆ. 2017ರ ಜುಲೈ 23, ಲಾರ್ಡ್ಸ್, ವಿಶ್ವಕಪ್ ಫೈನಲ್. ಇಂಗ್ಲೆಂಡಿನ 228ಕ್ಕೆ ಎದುರಾಗಿ ಭಾರತ 3 ವಿಕೆಟ್‌ಗೆ 191. ಪೂನಮ್ ರಾವುತ್ 86ಕ್ಕೆ ಔಟ್. ವೇದಾ ಕ್ರೀಸಿನಲ್ಲಿದ್ದರು, ಚೆನ್ನಾಗಿಯೇ ಆಡುತ್ತಿದ್ದರು, 34 ಎಸೆತಕ್ಕೆ 35. ಗೆಲ್ಲಲು ಸುಮಾರು 30 ರನ್ ಬೇಕಿದ್ದಾಗ ಆನ್ಯಾ ಶ್ರಬ್‌ಸೋಲ್ ಎಸೆತವನ್ನು ಎತ್ತಿ ಹೊಡೆಯಲು ಹೋಗಿ ಕ್ಯಾಚ್ ಕೊಟ್ಟರು. ಭಾರತ 219ಕ್ಕೆ ಮುಗಿಯಿತು, 9 ರನ್‌ನ ಸೋಲು. 'ಆ ಹೊಡೆತ ಬೇಕಿತ್ತಾ?' ಎಂದು ಕೇಳಿದೆ.

ಹುಡುಗ ಮೊಬೈಲ್ ಕೆಳಗಿಟ್ಟ. 'ಬೇಕಿತ್ತು ಸಾರ್. ಆ ಕಡೆ ವಿಕೆಟ್ ಬೀಳ್ತಾ ಇತ್ತು, ನಿಂತು ಏನ್ಮಾಡೋದು? ಅದೇ ಹೊಡೆತ ತಾನೇ ಡರ್ಬೀಲಿ ಹೋಗಿದ್ದು?'

ನಾನು ಒಪ್ಪಲಿಲ್ಲ. ಆ ಕಡೆ ವಿಕೆಟ್ ಬೀಳುತ್ತಿತ್ತು, ಅದಕ್ಕೇ ನಿಲ್ಲಬೇಕಿತ್ತು. ಆ ತಂಡದಲ್ಲಿ ಆ ಹೊತ್ತಿಗೆ ಕ್ರೀಸಿಗೆ ಒಗ್ಗಿಕೊಂಡಿದ್ದವರು ಅವರೊಬ್ಬರೇ. ಒಂದೊಂದೇ ರನ್ ತೆಗೆದುಕೊಂಡು ಶ್ರಬ್‌ಸೋಲ್‌ನ ಓವರ್‌ಗಳನ್ನು ಕಳೆದಿದ್ದರೆ ಕಪ್ ಈ ಕಡೆ ಬರುತ್ತಿತ್ತೆಂದು ನಾನು ಇಂದಿಗೂ ನಂಬಿದ್ದೇನೆ.

'ಏಯ್, ಅದು ದ್ರಾವಿಡ್ ಆಟ ಆಯ್ತು' ಎಂದರು ಹಿರಿಯರು. 'ಆ ಮಗೂಂದು ಆ ಆಟ ಅಲ್ಲ. ಎಲ್ಲಿ, ಚೆಂಡು ಎಲ್ಲಿ ಬಿತ್ತು ಹೇಳು ನೀನು' ಎಂದು ಹುಡುಗನ ಕಡೆ ತಿರುಗಿ, ಮತ್ತೆ ಕೊಡೆ ಕೈಗೆತ್ತಿಕೊಂಡರು.