ದನದ ಬೇನೆ ಮತ್ತು ಜನಪದ ಮದ್ದು: ಸಂಗ್ರಹದಿಂದ ಪರಿಶೀಲನೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ಅಪರೂಪವಾದ ಈ ಸೀಮೆಯಲ್ಲಿ ಬೇಸಾಯದಷ್ಟೇ ಪಶುಪಾಲನೆಯೂ ಬದುಕಿನ ಆಧಾರವಾಗಿದೆ. ಮ್ಯಾಸಬೇಡರ ದೇವರ ಎತ್ತುಗಳು, ಕುರುಬರ ಕುರಿಮಂದೆಗಳು, ಮೈಲಾರಲಿಂಗನ ಗೊರವರು ಧರಿಸುವ ಕರಿಯ ಕಂಬಳಿ ಇವೆಲ್ಲವೂ ಇದಕ್ಕೆ ಸಾಕ್ಷಿ. ಇಂತಹ ಸಮುದಾಯಗಳ ಪಶುವೈದ್ಯ ತಿಳಿವಳಿಕೆಯನ್ನು ಜಾನಪದ ಅಧ್ಯಯನ ಹೇಗೆ ದಾಖಲಿಸಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನಪದ ವೈದ್ಯವನ್ನು ಕುರಿತ ನಮ್ಮ ಬಹುತೇಕ ಬರಹಗಳು ಪಟ್ಟಿಯ ರೂಪದಲ್ಲಿವೆ. ಗಳಲೆ ಬೇನೆ, ಚಪ್ಪೆ ಬೇನೆ, ಕಾಲುಬಾಯಿ ಜ್ವರ ಎಂದು ರೋಗಗಳನ್ನು ಹೆಸರಿಸಿ, ಎದುರಿಗೆ ಒಂದು ಸೊಪ್ಪನ್ನೋ ಬೇರನ್ನೋ ನಮೂದಿಸಿದರೆ ಸಂಗ್ರಹ ಮುಗಿಯಿತು. ಈ ಲೇಖಕನೂ ಕ್ಷೇತ್ರಕಾರ್ಯದ ಆರಂಭದ ದಿನಗಳಲ್ಲಿ ಇದನ್ನೇ ಮಾಡಿದ್ದುಂಟು. ಮದ್ದಿನ ಹೆಸರನ್ನು ಬರೆದುಕೊಂಡು ಬಂದೆನೇ ಹೊರತು, ಆ ಮದ್ದು ತಿಂದ ದನಗಳಲ್ಲಿ ಎಷ್ಟು ಉಳಿದವು ಎಂದು ಕೇಳಲಿಲ್ಲ. ಗಳಲೆ, ಚಪ್ಪೆಗಳಂತಹ ಬೇನೆಗಳಲ್ಲಿ ಒಂದೆರಡು ದಿನದಲ್ಲೇ ದನ ಸಾಯಬಹುದು. ಇವುಗಳಿಗೆ ಮುಂಚಿತವಾಗಿ ಹಾಕಿಸುವ ಲಸಿಕೆಯೇ ನಿಜವಾದ ರಕ್ಷಣೆ. ಪರಿಶೀಲನೆಯಿಲ್ಲದ ಪಟ್ಟಿಯನ್ನು ಅಚ್ಚು ಹಾಕಿದಾಗ ಅದನ್ನು ನಂಬಿದ ಬಡ ರೈತನ ಜೋಡಿ ಎತ್ತು ಹೋಗಬಹುದೆಂಬ ಹೊಣೆ ಸಂಗ್ರಾಹಕನಿಗೆ ಇರಬೇಕಾಗುತ್ತದೆ.

ಹಾಗೆಂದು ಜನಪದ ಮದ್ದನ್ನು ತಳ್ಳಿಹಾಕುವುದೂ ಸಲ್ಲದು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ಕೆಚ್ಚಲು ಬಾವಿಗೆ ಪ್ರಚುರಪಡಿಸಿರುವ ಲೇಪ ಇದಕ್ಕೆ ಉದಾಹರಣೆ. ಲೋಳೆಸರ 250 ಗ್ರಾಂ, ಅರಿಸಿನ 50 ಗ್ರಾಂ, ಸುಣ್ಣ 15 ಗ್ರಾಂ ಎಂಬ ಅಳತೆ ಅಲ್ಲಿ ನಿಗದಿಯಾಗಿದೆ. ಹಾಲಿನಲ್ಲಿ ಪ್ರತಿಜೀವಕಗಳ ಶೇಷ ಉಳಿಯುವುದನ್ನು ತಗ್ಗಿಸುವ ಉದ್ದೇಶವೂ ಅದರ ಹಿಂದಿದೆ. ನಮ್ಮ ಸಂಗ್ರಹಗಳಲ್ಲಿ ಕಾಣದಿರುವುದು ಇಂತಹ ಅಳತೆ ಮತ್ತು ಉದ್ದೇಶದ ಸ್ಪಷ್ಟತೆಯೇ.

ಆಚರಣೆಗಳ ವ್ಯಾಖ್ಯಾನದಲ್ಲಿಯೂ ಇದೇ ತೊಡಕಿದೆ. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ಜನ ಜಾನುವಾರುಗಳೊಂದಿಗೆ ಊರನ್ನು ತೆರವು ಮಾಡಿ ಹಗಲೆಲ್ಲ ಹೊರಗೆ ಕಳೆಯುವ 'ಹೊರಬೀಡು' ಆಚರಣೆಯನ್ನು ಪೂರ್ವಿಕರ ರೋಗ ಪ್ರತ್ಯೇಕತೆಯ ವಿಜ್ಞಾನವೆಂದು ವಿವರಿಸುವುದು ವಾಡಿಕೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಈ ವಿವರಣೆಯ ಮಿತಿ ಗೋಚರವಾಯಿತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ರೋಗ ಮೈಯಲ್ಲಿ ಅಡಗಿರಬಹುದಾದ ಅವಧಿಯನ್ನು ಅಂತರರಾಷ್ಟ್ರೀಯ ನಿಯಮಗಳು 28 ದಿನವೆಂದು ಪರಿಗಣಿಸುತ್ತವೆ. ಒಂದು ಹಗಲಿನ ಹೊರಬೀಡು ಅದನ್ನು ತಡೆಯಲಾರದು. ಬದಲಿಗೆ ಊರ ದನಗಳೆಲ್ಲ ಒಂದೆಡೆ ಕೂಡುವುದರಿಂದ ರೋಗ ಹೆಚ್ಚಲೂಬಹುದು. ಆ ವರ್ಷ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳನ್ನು ನಿರ್ಬಂಧಿಸಿ, ಮೇಕೆ ಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕಲಾಯಿತು. ಹೊರಬೀಡಿನ ಅರ್ಥ ಸಮುದಾಯವು ತನ್ನ ಭಯವನ್ನು ಒಟ್ಟಾಗಿ ಎದುರಿಸುವ ಕ್ರಮದಲ್ಲಿದೆ. ಅದನ್ನು ವಿಜ್ಞಾನವೆಂದು ಸಾಧಿಸಹೊರಟರೆ ಆಚರಣೆಗೂ ವಿಜ್ಞಾನಕ್ಕೂ ನ್ಯಾಯ ದೊರೆಯುವುದಿಲ್ಲ.

ಪ್ರಾಣಿಕ್ಷೇಮದ ದೃಷ್ಟಿಯಿಂದ ಪರಂಪರೆಯೊಳಗೇ ಎರಡು ಮುಖಗಳಿವೆ. ಬೇನೆ ಬಿದ್ದ ದನಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ ಒಂದೆಡೆ. ಪ್ರಾಣಿಗೆ ಅನಗತ್ಯ ನೋವುಂಟುಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಬರೆಯನ್ನು 'ಜನಪದ ಚಿಕಿತ್ಸೆ'ಯೆಂದಷ್ಟೇ ದಾಖಲಿಸಿ ಮುಂದೆ ಸಾಗುವುದು ತಟಸ್ಥತೆ ಎನಿಸದು. ಇನ್ನೊಂದೆಡೆ ಮ್ಯಾಸಬೇಡರು ದೇವರ ಎತ್ತುಗಳನ್ನು ನೊಗಕ್ಕೆ ಹೂಡದೆ, ಮಾರದೆ, ಸತ್ತಾಗ ಮಣ್ಣುಮಾಡುತ್ತಾರೆ. ಹಸಿವು, ಅಸ್ವಸ್ಥತೆ, ನೋವು, ಭಯಗಳಿಂದ ಮುಕ್ತಿ ಹಾಗೂ ಸಹಜವಾಗಿ ವರ್ತಿಸುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಸರ್ವೋಚ್ಚ ನ್ಯಾಯಾಲಯ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಹಿಡಿದಿತ್ತು. ಕೊನೆಯ ಸ್ವಾತಂತ್ರ್ಯವನ್ನು ದೇವರ ಎತ್ತುಗಳು ಬಯಲಿನಲ್ಲಿ ಅನುಭವಿಸುತ್ತ ಬಂದಿವೆ. ಆದರೆ ಬರ ಬಂದಾಗ ಮೊದಲನೆಯದೇ ತಪ್ಪುತ್ತದೆ. ಹುಲ್ಲುಗಾವಲು ಕುಗ್ಗಿದ ಕಡೆ ಭಕ್ತಿಯೊಂದೇ ಮೇವಾಗಲಾರದು. ಆದ್ದರಿಂದ ದೇವರ ಎತ್ತಿನ ಅಧ್ಯಯನವು ಪುರಾಣ, ಹಾಡುಗಳ ಜೊತೆಗೆ ಕಾವಲು ಭೂಮಿಯ ಹಕ್ಕನ್ನೂ ಒಳಗೊಳ್ಳಬೇಕು.

ಮುಂದಿನ ಸಂಶೋಧನೆಗೆ ಎರಡು ಕ್ರಮಗಳು ಅಗತ್ಯ. ಬೇನೆ ಯಾವ ತಿಂಗಳಲ್ಲಿ ಬಂತು, ಎಷ್ಟು ದನಕ್ಕೆ ತಗುಲಿತು, ಯಾವುದಕ್ಕೆ ಮದ್ದು, ಯಾವುದಕ್ಕೆ ಲಸಿಕೆ, ಎಷ್ಟು ಉಳಿದವು ಎಂಬುದನ್ನು ಜಾನಪದ ಸಂಶೋಧಕರು ಪಶುವೈದ್ಯರೊಡಗೂಡಿ ದಾಖಲಿಸಬೇಕು. ದೇವರ ಎತ್ತುಗಳನ್ನು ಕಾಯುವ ಕಿಲಾರಿಯನ್ನು ಕೇವಲ ಮಾಹಿತಿದಾರನಾಗಿ ಕಾಣದೆ, ಅವನ ಒಪ್ಪಿಗೆಯೊಂದಿಗೆ ಸಂಶೋಧನೆಯ ಪಾಲುದಾರನನ್ನಾಗಿ ಹೆಸರಿಸಬೇಕು. ದನದ ನಡಿಗೆ, ಮೆಲುಕು, ಕಿವಿಯ ಜೋಲುಗಳಿಂದ ಬೇನೆಯನ್ನು ಮೊದಲು ಗುರುತಿಸುವವನು ಅವನೇ. ಆ ಗುರುತನ್ನು ಪಶು ಆಸ್ಪತ್ರೆಗೆ ಕಾಲಕ್ಕೆ ತಲುಪಿಸುವ ದಾರಿ ತೋರುವುದಾದರೆ ಜಾನಪದ ಅಧ್ಯಯನ ಈ ಸೀಮೆಯ ಕೊಟ್ಟಿಗೆಗಳಿಗೂ ಉಪಯುಕ್ತವಾಗುತ್ತದೆ.